ಹುಟ್ಟುವಾಗಲೇ ಯಾರೂ ಹಿರಿಯರಲ್ಲ

ಕಳೆದ ರಾಜ್ಯೋತ್ಸವಕ್ಕೆ ಮುಂಚಿನ ಶನಿವಾರ ನಮ್ಮ ಕನ್ನಡ ತರಗತಿಯ ಗೋಡೆಗೆ ಫರ್ಡಿನಾಂಡ್ ಕಿಟ್ಟೆಲ್ ಅವರ ಭಾವಚಿತ್ರವನ್ನು ಅಂಟಿಸಿ, ಕನ್ನಡಕ್ಕೆ ಒಂದು ಮಹಾನಿಘಂಟನ್ನು ಕೊಟ್ಟವರು ನಾವಿಂದು ಬಾಳುತ್ತಿರುವ ಈ ಜರ್ಮನಿಯವರೇ ಎಂದು ಮಕ್ಕಳಿಗೆ ಹೇಳುತ್ತಿದ್ದೆವು. ಎಂಟು ವರ್ಷದ ಬಾಲಕನೊಬ್ಬನು ಆ ಗಡ್ಡದ ಮುಖವನ್ನು ಬಹಳ ಹೊತ್ತು ನೋಡಿ, “ಇವರು ಹುಟ್ಟಿದಾಗಲೇ ತಾತ ಆಗಿದ್ದರಾ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಗು ಅಡಗುವ ಮುನ್ನವೇ ಅವನ ಪಕ್ಕದ ಹುಡುಗಿ ನಮ್ಮತ್ತ ತಿರುಗಿ, “ಟೀಚರ್, ನೀವು ಯಾವಾಗ ಅಜ್ಜಿ ಆಗುತ್ತೀರಿ?” ಎಂದಳು.

ಮೊದಲ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಎರಡನೆಯದು ಆ ದಿನದಿಂದ ನಮ್ಮನ್ನು ಬಿಟ್ಟಿಲ್ಲ. ಅದರ ಬೆನ್ನು ಹಿಡಿದು ನಾವು ಯೋಚಿಸಿದ್ದನ್ನೂ, ಸಂಘದ ಕುಟುಂಬಗಳ ಮುಂದಿಡಬೇಕೆನಿಸಿದ ಕೆಲವು ಮಾತುಗಳನ್ನೂ ಇಲ್ಲಿ ಬರೆಯುತ್ತಿದ್ದೇವೆ.

ನಾವು ಎಂದರೆ, ನೆಕ್ಕರ್ ನದಿಯ ತೀರದ ಈ ಊರಿನಲ್ಲಿ ಶನಿವಾರದ ಕನ್ನಡ ತರಗತಿಯನ್ನು ನಡೆಸುತ್ತಿರುವ ಮೂವರು. ನಮ್ಮಲ್ಲಿ ಕಿರಿಯರಿಗೆ ಇಪ್ಪತ್ತನಾಲ್ಕು, ಹಿರಿಯರಿಗೆ ಮೂವತ್ತೊಂದು ವರ್ಷ. ಒಬ್ಬರು ವಾರವಿಡೀ ಜರ್ಮನ್ ಶಿಶುವಿಹಾರವೊಂದರಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವವರು, ಒಬ್ಬರು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿರುವವರು, ಇನ್ನೊಬ್ಬರು ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ. ಕನ್ನಡವನ್ನು ಕಲಿಸಲು ತರಬೇತಿ ಪಡೆದವರು ನಮ್ಮಲ್ಲಿ ಯಾರೂ ಇಲ್ಲ. ಕೇಳಿದಾಗ ಇಲ್ಲವೆನ್ನಲಾಗದೆ ಬಂದವರು, ಬಂದ ಮೇಲೆ ಉಳಿದವರು.

ಕಿಟ್ಟೆಲ್ ಅವರ ವಿಷಯಕ್ಕೆ ಬರೋಣ. ಅವರು ಹುಟ್ಟಿದ್ದು 1832ರಲ್ಲಿ. ಬಾಸೆಲ್ ಮಿಷನ್ ಅವರನ್ನು ಭಾರತಕ್ಕೆ ಕಳುಹಿಸಿದ್ದು 1853ರಲ್ಲಿ, ಅಂದರೆ ಇಪ್ಪತ್ತೊಂದರ ವಯಸ್ಸಿನಲ್ಲಿ. ನಮ್ಮ ಸಂಘದಲ್ಲಿ ಈ ವಯಸ್ಸಿನವರನ್ನು ಇಂದಿಗೂ “ಹುಡುಗರು” ಎನ್ನುತ್ತಾರೆ. ನಡುವೆ ತಾಯ್ನಾಡಿಗೆ ಮರಳಿದ್ದ ಅವರು ಐವತ್ತು ದಾಟಿದ ಮೇಲೆ ನಿಘಂಟಿನ ಕೆಲಸಕ್ಕಾಗಿಯೇ ಮತ್ತೊಮ್ಮೆ ಭಾರತಕ್ಕೆ ಹೊರಟರು. ಸುಮಾರು 70,000 ಪದಗಳ ಆ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಆಗ ಅವರಿಗೆ ಅರವತ್ತು ದಾಟಿತ್ತು. ಅವರ ಕನ್ನಡ ವ್ಯಾಕರಣ ಪ್ರಕಟವಾದದ್ದು 1903ರಲ್ಲಿ, ಅವರು ಟ್ಯೂಬಿಂಗನ್ ನಗರದಲ್ಲಿ ತೀರಿಕೊಂಡ ವರ್ಷದಲ್ಲಿಯೇ. ಆ ಊರು ನಮ್ಮಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ.

ಇದನ್ನೆಲ್ಲ ಸರಳವಾಗಿ ಹೇಳಿದಾಗ ಆ ಬಾಲಕನು ಬೆರಳು ಮಡಿಸಿ ಲೆಕ್ಕ ಹಾಕಿ, “ಅಂದರೆ ನಲವತ್ತು ವರ್ಷ ಹೋಮ್‌ವರ್ಕ್ ಮಾಡಿದರು” ಎಂದನು. ಲೆಕ್ಕ ಸರಿಯಾಗಿಯೇ ಇತ್ತು. ಚಿತ್ರದಲ್ಲಿ ನಾವು ನೋಡುವುದು ಕೊನೆಯ ಮುಖವನ್ನು ಮಾತ್ರ. ಭಾಷೆ ಬಾರದ ಊರಿನಲ್ಲಿ ಬಂದಿಳಿದ ಯುವಕ, ಸ್ಥಳೀಯ ಪಂಡಿತರ ಮುಂದೆ ಕುಳಿತು ತಪ್ಪು ತಪ್ಪಾಗಿ ಉಚ್ಚರಿಸಿದ ಯುವಕ, ಯಾವ ಚಿತ್ರದಲ್ಲಿಯೂ ಇಲ್ಲ.

ನಮ್ಮ ಶನಿವಾರಗಳು ಹೇಗಿರುತ್ತವೆ ಎಂದು ಹಲವು ಪೋಷಕರಿಗೆ ತಿಳಿದಿರಲಾರದು. ಶುಕ್ರವಾರ ರಾತ್ರಿ ಊಟವಾದ ಮೇಲೆ ಅಭ್ಯಾಸದ ಹಾಳೆಗಳು ಸಿದ್ಧವಾಗುತ್ತವೆ. ಬೆಳಿಗ್ಗೆ ಒಬ್ಬರು ಚರ್ಚಿನ ಸಮುದಾಯ ಭವನದ ಮೇಲ್ವಿಚಾರಕರಿಂದ ಬೀಗದ ಕೈ ಪಡೆಯಬೇಕು. ಇನ್ನಿಬ್ಬರು ಕುರ್ಚಿಗಳನ್ನು ಜೋಡಿಸಬೇಕು. ಹತ್ತು ಗಂಟೆಗೆ ಮಕ್ಕಳು ಬರುತ್ತಾರೆ: ಐದು ವರ್ಷದವರಿಂದ ಹನ್ನೊಂದು ವರ್ಷದವರೆಗೆ, ಎಲ್ಲರೂ ಎರಡೇ ಕೋಣೆಗಳಲ್ಲಿ. ಒಬ್ಬಳಿಗೆ ಮನೆಯಲ್ಲಿ ಕನ್ನಡವೇ ಮಾತು, ಇನ್ನೊಬ್ಬನ ತಂದೆ ಜರ್ಮನ್ನರು, ಮತ್ತೊಬ್ಬನ ತಾಯಿ ತೆಲುಗಿನವರು. ಲಕಾರಕ್ಕೂ ಳಕಾರಕ್ಕೂ, ತಕಾರಕ್ಕೂ ಟಕಾರಕ್ಕೂ ಭೇದವೇನೆಂದು ಜರ್ಮನ್ ನಾಲಿಗೆಗೆ ತಿಳಿಸುವುದು ಸಾಹಸವೇ ಸರಿ. “ಹಲ್ಲಿ ಗೋಡೆಯ ಮೇಲಿದೆ, ಹಳ್ಳಿ ಅಜ್ಜಿಯ ಊರು” ಎಂದು ಕಲಿಸಿದ ಮರುವಾರವೇ ಒಬ್ಬನು, ರಜೆಯಲ್ಲಿ ತಾನು ಹಲ್ಲಿಗೆ ಹೋಗಿದ್ದಾಗಿ ಬರೆದು ತಂದನು. ಹನ್ನೊಂದೂವರೆಗೆ ತರಗತಿ ಮುಗಿಯುತ್ತದೆ. ಕುರ್ಚಿಗಳನ್ನು ಮತ್ತೆ ಮೊದಲಿನಂತಿಟ್ಟು, ನೆಲ ಗುಡಿಸಿ, ಬೀಗ ಹಾಕಿ ಹೊರಡುವಾಗ ಮಧ್ಯಾಹ್ನವಾಗಿರುತ್ತದೆ.

ಇದನ್ನು ದೂರೆಂದು ಭಾವಿಸಬಾರದು. ಈ ಎರಡು ಗಂಟೆಗಳಲ್ಲಿ ನಮಗೆ ಸಿಗುವ ಸಂತೋಷ ವಾರದ ಉಳಿದ ದಿನಗಳಲ್ಲಿ ಸಿಗುವುದಿಲ್ಲ. ಆದರೆ ಇದೇ ಎರಡು ಗಂಟೆಗಳಲ್ಲಿ ನಮ್ಮ ವಯಸ್ಸು ನಮಗೇ ಅರ್ಥವಾಗದ ಹಾಗೆ ಹಿಂದುಮುಂದಾಗುತ್ತದೆ. ಮೊದಲ ವರ್ಷ ಮಕ್ಕಳು ನಮ್ಮನ್ನು “ಅಕ್ಕ”, “ಅಣ್ಣ” ಎನ್ನುತ್ತಿದ್ದರು. ಈಗ ಹೊಸದಾಗಿ ಸೇರಿದವರು ಸಂಕೋಚವಿಲ್ಲದೆ “ಆಂಟಿ” ಎನ್ನುತ್ತಾರೆ. ಅದೇ ಮಧ್ಯಾಹ್ನ ಸಮಿತಿಯ ಸಭೆಗೆ ಹೋದರೆ, “ಈ ಮಕ್ಕಳು ಚೆನ್ನಾಗಿ ನಡೆಸುತ್ತಿದ್ದಾರೆ” ಎಂದು ಹಿರಿಯರೊಬ್ಬರು ಪ್ರೀತಿಯಿಂದ ಬೆನ್ನು ತಟ್ಟುತ್ತಾರೆ. ಬೆಳಿಗ್ಗೆ ಆಂಟಿಯಾದವರು ಮಧ್ಯಾಹ್ನ ಮಕ್ಕಳಾಗುತ್ತೇವೆ.

ಉತ್ತರದ ಬ್ರೆಮೆನ್ ನಗರದಲ್ಲಿ ಒಂದು ವಿನೋದದ ರೂಢಿಯಿದೆ. ಮೂವತ್ತು ತುಂಬಿಯೂ ಮದುವೆಯಾಗದ ಗಂಡಸು ಮಹಾಚರ್ಚಿನ ಮೆಟ್ಟಿಲುಗಳನ್ನು ಗುಡಿಸಬೇಕು. ಸ್ನೇಹಿತರು ಸುತ್ತ ನಿಂತು ನಗಬೇಕು. ನಮ್ಮಲ್ಲೊಬ್ಬರಿಗೆ ಮೂವತ್ತು ತುಂಬಿದ ದಿನ ಕಚೇರಿಯ ಜರ್ಮನ್ ಸಹೋದ್ಯೋಗಿಗಳು ಪೊರಕೆಯೊಂದನ್ನು ಕೊಟ್ಟು ಹಾಸ್ಯ ಮಾಡಿದರು. ಅದೇ ಸಂಜೆ ಊರಿನಿಂದ ತಾಯಿಯ ಕರೆ ಬಂತು. ಅವರ ಕೈಯಲ್ಲಿ ಪೊರಕೆ ಇರಲಿಲ್ಲವೆಂಬುದಷ್ಟೇ ವ್ಯತ್ಯಾಸ! ಆದರೆ ಆ ವಿಡಿಯೊ ಕರೆಯಲ್ಲಿ ನಮ್ಮ ಸ್ನೇಹಿತರು ಗಮನಿಸಿದ್ದು ಬೇರೆಯದನ್ನು. ಫೋನನ್ನು ಹಿಡಿದಿದ್ದ ತಾಯಿಯ ಕೈ ಸಣ್ಣಗೆ ನಡುಗುತ್ತಿತ್ತು. ಅದು ಯಾವಾಗ ಆರಂಭವಾಯಿತೆಂದು ಅವರಿಗೆ ತಿಳಿಯದು. ಜೊತೆಯಲ್ಲಿ ಬಾಳುವವರಿಗೆ ಮುಪ್ಪು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಕಾಣುತ್ತದೆ. ವರ್ಷಕ್ಕೊಮ್ಮೆ ಊರಿಗೆ ಹೋಗುವವರಿಗೆ ಅದು ಒಮ್ಮೆಲೇ ಬಾಗಿಲಲ್ಲಿ ನಿಂತಿರುತ್ತದೆ.

ಮಕ್ಕಳ ಪಾಡು ಇನ್ನೂ ವಿಚಿತ್ರವಾದುದು. ಷೆಂಗೆನ್ ವೀಸಾದ ನಿಯಮದಂತೆ ನಮ್ಮ ತಂದೆತಾಯಿಗಳು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇಲ್ಲಿರಬಹುದು. 2024ರ ಮಾರ್ಚ್‌ನಿಂದೀಚೆಗೆ ಹೊಸದಾಗಿ ಬಂದ ನುರಿತ ಉದ್ಯೋಗಿಗಳಲ್ಲಿ ಕೆಲವರಿಗೆ ತಂದೆತಾಯಿಗಳನ್ನು ಕರೆಸಿಕೊಳ್ಳುವ ದಾರಿ ತೆರೆದಿದೆಯಾದರೂ, ವಯಸ್ಸಾದವರ ಆರೋಗ್ಯ ವಿಮೆಯೇ ದೊಡ್ಡ ಅಡ್ಡಿ. ಹೀಗಾಗಿ ನಮ್ಮ ಹೆಚ್ಚಿನ ಮಕ್ಕಳಿಗೆ ಅಜ್ಜಿ ಎಂದರೆ ಒಂದು ಬೇಸಿಗೆಯ ಅತಿಥಿ. ಹಪ್ಪಳ, ಚಕ್ಕುಲಿಗಳ ಜೊತೆ ಬಂದು, ಎಲೆ ಉದುರುವ ಮುನ್ನ ಹೊರಟು ಹೋಗುವವರು. ಅಜ್ಜಿ ಕಾಯಿಲೆ ಬೀಳುವುದನ್ನು, ಮರೆಯುವುದನ್ನು, ಸಿಟ್ಟಾಗುವುದನ್ನು, ಚೇತರಿಸಿಕೊಳ್ಳುವುದನ್ನು ಈ ಮಕ್ಕಳು ಕಾಣುವುದಿಲ್ಲ. ಹಾಗಿರುವಾಗ ಹುಟ್ಟಿದಾಗಲೇ ತಾತ ಆಗಿದ್ದರಾ ಎಂದು ಒಬ್ಬ ಹುಡುಗ ಕೇಳಿದರೆ ಅದು ನಗುವ ಪ್ರಶ್ನೆಯಲ್ಲ.

ನಮ್ಮ ಸಂಘದಲ್ಲಿ ಎಲ್ಲ ವಯಸ್ಸಿನವರೂ ಇದ್ದಾರೆ, ಆದರೆ ಪ್ರತಿಯೊಂದು ವಯಸ್ಸೂ ಪ್ರತ್ಯೇಕ ಕೋಣೆಯಲ್ಲಿದೆ. ಮಕ್ಕಳು ತರಗತಿಯಲ್ಲಿ, ಪೋಷಕರು ಕಾಫಿಯ ಮೇಜಿನ ಸುತ್ತ, ಸಮಿತಿಯವರು ಸಭೆಯಲ್ಲಿ, ಅಜ್ಜ ಅಜ್ಜಿಯರು ಹಜಾರದ ಬೆಂಚಿನ ಮೇಲೆ. ಹದಿಹರೆಯದವರು ಎಲ್ಲಿಯೂ ಇಲ್ಲ. ಇಲ್ಲಿನ ಪ್ರಾಥಮಿಕ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತದೆ. ಐದಕ್ಕೆ ಹೊಸ ಶಾಲೆ, ಹೊಸ ಓದಿನ ಹೊರೆ. ಹತ್ತು ಹನ್ನೊಂದರ ವಯಸ್ಸಿಗೆ ಮಕ್ಕಳು ಕನ್ನಡ ತರಗತಿಯಿಂದ ಒಬ್ಬೊಬ್ಬರಾಗಿ ಮರೆಯಾಗುತ್ತಾರೆ.

ಈ ಗೋಡೆಗಳ ಬೆಲೆ ಏನೆಂದು ನಮಗೆ ತಿಳಿದದ್ದು ಕಳೆದ ಬೇಸಿಗೆಯಲ್ಲಿ. ಮೊಮ್ಮಗಳನ್ನು ಕರೆತರುತ್ತಿದ್ದ ತಾತ ಒಬ್ಬರು ಆರು ಶನಿವಾರಗಳು ಹಜಾರದ ಬೆಂಚಿನ ಮೇಲೆ ಸುಮ್ಮನೆ ಕುಳಿತು ಕಾದರು. ನಾವು ನಮಸ್ಕಾರ ಹೇಳಿ ಒಳಗೆ ಹೋಗುತ್ತಿದ್ದೆವು. ಏಳನೆಯ ವಾರ ಜ್ವರದಿಂದ ಒಬ್ಬರು ಬಾರದೆ, ಪುಟ್ಟ ಮಕ್ಕಳ ಕೋಣೆಯಲ್ಲಿ ಗದ್ದಲವೆದ್ದಾಗ ಅವರು ಬಾಗಿಲಿಗೆ ಬಂದು, “ನಾನು ಸ್ವಲ್ಪ ಹೊತ್ತು ಕೂರಬಹುದೆ?” ಎಂದರು. ತುಮಕೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತೆಂಟು ವರ್ಷ ಕಲಿಸಿ, ಅರವತ್ತಕ್ಕೆ ನಿವೃತ್ತರಾದವರು ಅವರು! ಹಾಳೆಯಿಲ್ಲ, ಪ್ರೊಜೆಕ್ಟರ್ ಇಲ್ಲ. ಮಕ್ಕಳನ್ನು ವೃತ್ತದಲ್ಲಿ ಕೂರಿಸಿ, ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಿಸಿ “ಳ” ಎನ್ನುವುದನ್ನು ಒಂದು ಆಟವನ್ನಾಗಿ ಮಾಡಿದರು. ಹಲ್ಲಿಗೆ ಹೋಗಿದ್ದ ಹುಡುಗ ಆ ದಿನ ಹಳ್ಳಿಗೆ ಹೋದನು.

ಅಂದು ಕುರ್ಚಿಗಳನ್ನು ಎತ್ತಿಡುವಾಗ ಅವರು ತಮ್ಮ ಮೊದಲ ವರ್ಷದ ಮಾತು ತೆಗೆದರು. ಇಪ್ಪತ್ತೆರಡರ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಾಗ ಮಕ್ಕಳೆದುರು ನಿಲ್ಲಲು ಭಯವಾಗುತ್ತಿತ್ತಂತೆ. ನಿವೃತ್ತಿಗೆ ಹತ್ತಿರವಾಗಿದ್ದ ಮುಖ್ಯೋಪಾಧ್ಯಾಯರು ಪ್ರತಿ ಸೋಮವಾರ ಅವರ ತರಗತಿಯ ಹಿಂದೆ ಬಂದು ಕುಳಿತು, ಏನೂ ಮಾತಾಡದೆ ಎದ್ದು ಹೋಗುತ್ತಿದ್ದರು. ಸಂಜೆ ಬಸ್ಸಿಗೆ ನಡೆಯುವಾಗ ಒಂದೇ ಒಂದು ವಿಷಯ ಹೇಳುತ್ತಿದ್ದರು. “ಎರಡು ವರ್ಷ ಹಾಗೆ ನಡೆಯಿತು. ನಿಮಗೆ ಹಾಗೆ ಯಾರಿದ್ದಾರೆ?” ಎಂದು ಅವರು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಮೂರು ವಾರಗಳಲ್ಲಿ ಅವರ ತೊಂಬತ್ತು ದಿನಗಳು ಮುಗಿದವು.

ಕನ್ನಡದಲ್ಲಿ ಮುಪ್ಪು ಎಂಬುದು ಬೇರೆ, ಹಿರಿತನ ಎಂಬುದು ಬೇರೆ. ಮುಪ್ಪು ತಾನಾಗಿ ಬರುತ್ತದೆ. ಅದಕ್ಕೆ ಯಾರ ಸಹಾಯವೂ ಬೇಡ. ಹಿರಿತನ ಹಾಗಲ್ಲ. ಹಿಂದಿನವರು ತೋರಿಸಿಕೊಡಬೇಕು, ಮುಂದಿನವರು ನಮ್ಮನ್ನು ನಂಬಿ ಕೇಳಬೇಕು, ನಾವು ಅಲ್ಲಿಯೇ ಉಳಿದಿರಬೇಕು. ಈ ಮೂರೂ ಒದಗಿದರೆ ಮೂವತ್ತರಲ್ಲಿಯೂ ಒಬ್ಬರು ಹಿರಿಯರಾಗಬಲ್ಲರು. ಒದಗದಿದ್ದರೆ ಎಪ್ಪತ್ತಾದರೂ ಬರಿಯ ಮುಪ್ಪಷ್ಟೇ ಉಳಿಯುತ್ತದೆ. ಪರದೇಶದಲ್ಲಿ ನಮಗೆ ಕಷ್ಟವಾಗಿರುವುದು ಈ ಮೂರನ್ನು ಒಟ್ಟಿಗೆ ತರುವುದೇ. ವಯಸ್ಸಾಗುವುದಕ್ಕೆ ನಾವು ಅಂಜುತ್ತಿಲ್ಲ. ಯಾರಿಂದಲೂ ಕಲಿಯದೆ, ಯಾರಿಗೂ ಒಪ್ಪಿಸದೆ ವಯಸ್ಸಾಗಿಬಿಡುವುದೇ ನಮ್ಮ ಅಂಜಿಕೆ.

ಹಾಗಾದರೆ ಮಾಡಬೇಕಾದುದೇನು? ಇದಕ್ಕೆ ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯನ್ನು ನೆನೆಯಬಹುದು. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸಬೇಕಾದ ಹಳ್ಳಿಯ ಶಾಲೆಗಳಲ್ಲಿ, ಮಕ್ಕಳನ್ನು ವಯಸ್ಸಿನ ಸಾಲಿನಲ್ಲಿ ನಿಲ್ಲಿಸುವ ಬದಲು ಕಲಿಕೆಯ ಏಣಿಯ ಮೇಲೆ ಅವರವರ ಮೆಟ್ಟಿಲಿನಲ್ಲಿ ನಿಲ್ಲಿಸಲಾಯಿತು. ಮುಂದಿರುವ ಮಗು ಹಿಂದಿರುವ ಮಗುವಿಗೆ ನೆರವಾಗುವಂತೆ ಗುಂಪುಗಳನ್ನು ರಚಿಸಲಾಯಿತು. ನಮ್ಮ ಎರಡು ಕೋಣೆಗಳ ಸ್ಥಿತಿ ಅದಕ್ಕಿಂತ ಬೇರೆಯಲ್ಲ. ಆ ಏಣಿಗೆ ಮೇಲಿನ ಮೆಟ್ಟಿಲುಗಳನ್ನೂ ಜೋಡಿಸಬೇಕೆಂಬುದಷ್ಟೇ ನಮ್ಮ ಬೇಡಿಕೆ. ಅದಕ್ಕಾಗಿ ಮೂರು ಸಲಹೆಗಳನ್ನು ಸಂಘದ ಮುಂದಿಡುತ್ತೇವೆ.

ಮೊದಲನೆಯದು, ಹಜಾರದ ಬೆಂಚಿನ ಮೇಲೆ ಕುಳಿತವರನ್ನು ಒಳಗೆ ಕರೆಯುವುದು. ಪ್ರತಿ ಶನಿವಾರ ಕೊನೆಯ ಹದಿನೈದು ನಿಮಿಷ ಊರಿನಿಂದ ಬಂದ ಹಿರಿಯರೊಬ್ಬರಿಗೆ ಮೀಸಲಾಗಲಿ. ಕಥೆಯನ್ನೇ ಹೇಳಬೇಕೆಂದಿಲ್ಲ. ಅಂಚೆ ಕಚೇರಿಯಲ್ಲಿದ್ದವರು ತಂತಿ ಬರುತ್ತಿದ್ದ ದಿನಗಳನ್ನು ಹೇಳಲಿ, ರಾಗಿ ಬೆಳೆದವರು ರಾಗಿಯ ವಿಷಯ ಹೇಳಲಿ. ಹಳೆಯ ಕಾಲದ ಗದರಿಕೆ ಬರಬಹುದೆಂದು ಕೆಲವು ಪೋಷಕರು ಅಂಜಬಹುದು. ಆ ಅಂಜಿಕೆ ನಿರಾಧಾರವೇನೂ ಅಲ್ಲ. ಆದ್ದರಿಂದ ತರಗತಿಯ ಹೊಣೆ ಶಿಕ್ಷಕರದೇ ಆಗಿರಲಿ, ಅವರು ಕೋಣೆಯಲ್ಲಿಯೇ ಇರಲಿ. ಯಾವ ಮನೆಗೆ ಯಾವ ತಿಂಗಳು ಯಾರು ಬರುತ್ತಾರೆಂಬುದನ್ನು ಮೊದಲೇ ತಿಳಿಸಿದರೆ ವರ್ಷದ ಪಟ್ಟಿಯನ್ನೇ ಸಿದ್ಧಪಡಿಸಬಹುದು.

ಎರಡನೆಯದು, ಬಿಟ್ಟು ಹೋದ ಹದಿಹರೆಯದವರನ್ನು ವಿದ್ಯಾರ್ಥಿಗಳಾಗಿ ಅಲ್ಲ, ಸಹಾಯಕರಾಗಿ ಮರಳಿ ಕರೆಯುವುದು. ಹದಿನಾಲ್ಕರ ಹುಡುಗಿಯೊಬ್ಬಳನ್ನು ಕನ್ನಡ ಕಲಿಯಲು ಬಾ ಎಂದರೆ ಬರುವುದಿಲ್ಲ. ಆರು ವರ್ಷದ ಮಕ್ಕಳಿಗೆ ನೆರವಾಗು ಎಂದು ಕರೆದಾಗ ಒಬ್ಬಳು ಬಂದಳು. ಕಲಿಸಬೇಕಾದ್ದರಿಂದ ಹಿಂದಿನ ರಾತ್ರಿ ಕಾಗುಣಿತವನ್ನು ತಾನೇ ತಿದ್ದಿಕೊಂಡು ಬರುತ್ತಿದ್ದಾಳೆಂದು ಅವಳ ತಾಯಿ ಹೇಳಿದರು.

ಮೂರನೆಯದು, ಶಿಕ್ಷಕರು ಉಳಿಯುವಂತೆ ಮಾಡುವುದು. ಒಬ್ಬರನ್ನೇ ಎಂದಿಗೂ ಒಂಟಿಯಾಗಿ ಬಿಡದೆ ಇಬ್ಬಿಬ್ಬರ ಜೋಡಿ ಇರಲಿ. ಪ್ರಯಾಣದ ಖರ್ಚನ್ನು ಸಂಘ ಭರಿಸಲಿ. ಸಾಧ್ಯವಾದರೆ ಸಣ್ಣ ಗೌರವಧನ ಕೊಡಲಿ. ಸೇವೆಗೆ ಬೆಲೆ ಕಟ್ಟಬಾರದೆಂದು ಹಿರಿಯರು ಹೇಳುತ್ತಾರೆ. ಅವರು ಈ ಸಂಘವನ್ನು ತಮ್ಮ ಕೈಯ ಹಣದಿಂದ, ತಮ್ಮ ಮನೆಯ ಬೈಠಕ್ಕಿನಲ್ಲಿ ಕಟ್ಟಿದವರು. ಆ ಮಾತನ್ನು ಹೇಳುವ ಹಕ್ಕು ಅವರಿಗಿದೆ. ಆದರೆ ವಿದ್ಯಾರ್ಥಿ ವೇತನದಲ್ಲಿ ಬದುಕುವ ಒಬ್ಬರಿಗೆ ತಿಂಗಳಿಗೆ ನಾಲ್ಕು ಸಲದ ರೈಲು ಟಿಕೆಟ್ ಸಣ್ಣ ಮೊತ್ತವಲ್ಲ. ಸಾರ್ವಜನಿಕ ಹಿತದ ಸಂಸ್ಥೆಯೆಂದು ಮಾನ್ಯತೆ ಪಡೆದ ಸಂಘಗಳಲ್ಲಿ ಬಿಡುವಿನ ವೇಳೆಯಲ್ಲಿ ಕಲಿಸುವವರಿಗೆ ಜರ್ಮನಿಯ ಕಾನೂನೇ ತೆರಿಗೆಯ ವಿನಾಯಿತಿ ಕೊಟ್ಟಿದೆ. ಊಬುಂಗ್ಸ್‌ಲೈಟರ್ ಪೌಶಾಲೆ ಎಂದು ಕರೆಯುವ ಈ ವಿನಾಯಿತಿಯ ಮಿತಿಯನ್ನು 2021ರಲ್ಲಿಯೇ ವರ್ಷಕ್ಕೆ 3000 ಯೂರೊಗಳಿಗೆ ಏರಿಸಲಾಯಿತು. ಫುಟ್‌ಬಾಲ್ ಕಲಿಸುವವರಿಗೂ ಸಂಗೀತ ಕಲಿಸುವವರಿಗೂ ಇಲ್ಲಿನ ಸಂಘಗಳು ಅದನ್ನು ಬಳಸುತ್ತವೆ. ಕನ್ನಡ ಕಲಿಸುವವರಿಗೆ ಬಳಸಿದರೆ ಸೇವೆಯ ಗೌರವವೇನೂ ಕುಂದದು.

ಇದೆಲ್ಲವನ್ನೂ ಈಗಲೇ ಏಕೆ ಬರೆಯುತ್ತಿದ್ದೇವೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಮೂವರಲ್ಲಿ ಒಬ್ಬರು ಜೂನ್ ತಿಂಗಳಲ್ಲಿ ಉದ್ಯೋಗದ ನಿಮಿತ್ತ ಬೇರೆ ನಗರಕ್ಕೆ ಹೋಗುತ್ತಿದ್ದಾರೆ. ಅವರಿಗಿಂತ ಮುಂಚೆ ಇಬ್ಬರು ಹೀಗೆಯೇ ಹೋದರು. ನಾಲ್ಕು ವರ್ಷಗಳಿಂದ ಬರುತ್ತಿರುವ ಮಗುವೊಂದು ಈಗ ಐದನೆಯ ಶಿಕ್ಷಕರನ್ನು ಕಾಣುತ್ತಿದೆ. ಹೊಸಬರು ಸಿಗದಿದ್ದರೆ ಬೇಸಿಗೆ ರಜೆಯ ನಂತರ ಪುಟ್ಟ ಮಕ್ಕಳ ತರಗತಿಯನ್ನು ನಿಲ್ಲಿಸಬೇಕಾಗುತ್ತದೆ. ಉಳಿಯುವ ಇಬ್ಬರು ಎರಡೂ ಕೋಣೆಗಳನ್ನು ನಡೆಸಲಾರೆವು.

ಹೋಗುವವರು ತಪ್ಪಿತಸ್ಥರಲ್ಲ. ಇಪ್ಪತ್ತು ಮೂವತ್ತರ ನಡುವಿನ ಬದುಕೇ ಹಾಗೆ. ಕೆಲಸ, ವೀಸಾ, ಮದುವೆ, ಬಾಡಿಗೆ ಮನೆ, ಯಾವುದೂ ಒಂದೆಡೆ ನಿಲ್ಲುವುದಿಲ್ಲ. ಕಿಟ್ಟೆಲ್ ಅವರಿಗೆ ದೊರೆತಂತೆ ನಲವತ್ತು ವರ್ಷಗಳು ನಮಗೂ ದೊರೆಯುತ್ತವೆಂದು ನಾವು ಭಾವಿಸಿಲ್ಲ. ಒಬ್ಬರು ನಾಲ್ಕು ವರ್ಷ ಮಾಡಿ ಇನ್ನೊಬ್ಬರ ಕೈಗೆ ಕೊಡುವಂತಾದರೆ, ಹತ್ತು ಜನರಿಂದ ನಲವತ್ತು ವರ್ಷಗಳಾಗುತ್ತವೆ. ಕೈಯಿಂದ ಕೈಗೆ ಕೊಡುವಾಗ ಇಬ್ಬರೂ ಒಂದೇ ಕೋಣೆಯಲ್ಲಿರಬೇಕು, ಅಷ್ಟೇ.

ಅಂದು ಆ ಹುಡುಗಿಗೆ ನಾವು ಏನೋ ಹೇಳಿ ನಗಿಸಿ ಸುಮ್ಮನಾದೆವು. ಈಗ ಕೇಳಿದರೆ, “ಗೊತ್ತಿಲ್ಲ ಮಗು, ಇನ್ನೂ ಕಲಿಯುತ್ತಿದ್ದೇವೆ” ಎನ್ನುತ್ತೇವೆ. ತುಮಕೂರಿನ ಮೇಷ್ಟ್ರು ಮುಂದಿನ ಬೇಸಿಗೆಗೆ ಮತ್ತೆ ಬರುವರೆಂದು ಅವರ ಮಗಳು ತಿಳಿಸಿದ್ದಾರೆ. ಈ ಸಲ ಅವರ ಕುರ್ಚಿ ಹಜಾರದಲ್ಲಿರುವುದಿಲ್ಲ; ತರಗತಿಯ ಹಿಂದೆ ಇರುತ್ತದೆ. ಸಂಜೆ ರೈಲು ನಿಲ್ದಾಣದವರೆಗೆ ನಮ್ಮ ಜೊತೆ ನಡೆದು, ಒಂದು ವಿಷಯ ಹೇಳಬೇಕೆಂದು ಕೇಳಿಕೊಂಡಿದ್ದೇವೆ.

ಮುಂದಿನ ವಾರ್ಷಿಕ ಸಭೆಯಲ್ಲಿ ಈ ಮೂರು ಸಲಹೆಗಳನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಸದಸ್ಯ ಕುಟುಂಬಗಳಲ್ಲಿ ನಮ್ಮ ವಿನಂತಿ. ಅಷ್ಟರವರೆಗೆ ಕಾಯಲಾರದವರು, ಯಾವ ವಯಸ್ಸಿನವರೇ ಆಗಲಿ, ಯಾವ ಶನಿವಾರವಾದರೂ ಹತ್ತಕ್ಕೆ ಕಾಲು ಗಂಟೆ ಮುಂಚೆ ಭವನಕ್ಕೆ ಬನ್ನಿ. ಕುರ್ಚಿಗಳನ್ನು ಜೋಡಿಸುವ ಕೆಲಸ ಇದ್ದೇ ಇರುತ್ತದೆ. ಉಳಿದ ಮಾತನ್ನು ಅಲ್ಲಿಂದ ಆರಂಭಿಸೋಣ.